ಚೆನ್ನಾಗಿದೆ ಸಾರ್

ಸಂಸೆ, ಕಳಸದ ಹತ್ತಿರ
ಫೆಬ್ರವರಿ 4

ಡಾಕ್ಟರ್ ರಶ್ಮಿ ಅವರಿಗೆ ರಜನಿಯ ನಮಸ್ಕಾರಗಳು.

ನೀವಿನ್ನೂ ಡಾಕ್ಟರ್ ಆಗಿಲ್ಲ, ಮೂರನೇ ವರ್ಷ ಓದುತ್ತಿದ್ದೀರಿ ಎಂದು ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಹೇಳಿದಿರಿ. ಇರಲಿ ಬಿಡಿ. ನಮ್ಮವರು ಎಸ್ಟೇಟಿನಲ್ಲಿ ರೈಟರ್. ಅವರು ಬರೆಯುವುದು ಆಳುಗಳ ಹಾಜರಿ ಮಾತ್ರ, ಆದರೂ ಊರೆಲ್ಲ ‘ರೈಟ್ರೇ’ ಎಂದೇ ಕರೆಯುತ್ತದೆ. ಹಾಗೆ ನೀವೂ ನನಗೆ ಡಾಕ್ಟರೇ.

ನನ್ನ ನೆನಪಿದೆಯೋ ಇಲ್ಲವೋ. ಚಿಕ್ಕಮಗಳೂರಿನಲ್ಲಿ ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ. ಕಾಫಿ ಕೊಯ್ಲಿನ ಹೊತ್ತಿಗೆ ಏದುಸಿರು ಜಾಸ್ತಿಯಾಗಿ ನನ್ನನ್ನು ಅಲ್ಲಿ ಸೇರಿಸಿದ್ದರು. ಒಂದು ಬೆಳಿಗ್ಗೆ ನಿಮ್ಮ ದೊಡ್ಡ ಸಾರ್ ನಿಮ್ಮನ್ನೆಲ್ಲ ಕಟ್ಟಿಕೊಂಡು ಬಂದರು. ಒಬ್ಬೊಬ್ಬರೂ ನನ್ನ ಮಣಿಕಟ್ಟು ಹಿಡಿದರು, ಕುತ್ತಿಗೆಯ ನರ ನೋಡಿದರು, ಎದೆಯ ಮೇಲೆ ಅಂಗೈ ಇಟ್ಟರು, ಎಡಕ್ಕೆ ಹೊರಳಿಸಿ ಉಸಿರು ಬಿಟ್ಟು ಹಿಡಿದುಕೊಳ್ಳಿ ಎಂದರು. ಮುಟ್ಟುವ ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡವರು ನೀವೊಬ್ಬರೇ. ಸೆರಗು ಸರಿಸುವ ಮೊದಲು ಪರದೆ ಎಳೆದವರೂ ನೀವೇ. ಉಳಿದವರಿಗೆ ನಾನು ಪರೀಕ್ಷೆಗೆ ಬರುವ ಪಾಠವಾಗಿದ್ದೆ.

ಆದರೂ ಅವರ ಮೇಲೆ ನನಗೆ ಕೋಪವಿಲ್ಲ. ಕೊನೆಗೆ ನೀವೆಲ್ಲ ಹೇಳಿದ ಆ ಒಂದು ಮಾತು ಕೇಳಿಕೊಂಡು ನಾನು ಹಾರಿಕೊಂಡು ಮನೆಗೆ ಬಂದೆ. ನಮ್ಮ ಅತ್ತೆ ತುಂಗಮ್ಮನವರು ಅದನ್ನು ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು.

ಕಾಳುಮೆಣಸು ಕಳಿಸುತ್ತೇನೆ ಎಂದು ನಿಮ್ಮ ಹಾಸ್ಟೆಲ್ ವಿಳಾಸ ಬರೆಸಿಕೊಂಡಿದ್ದೆನಲ್ಲ, ಈ ಪೊಟ್ಟಣ ಅದೇ. ಫೋನ್ ಮಾಡೋಣವೆಂದರೆ ಇಲ್ಲಿ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಗುಡ್ಡ ಹತ್ತಿದರೆ ಮಾತ್ರ. ಅಷ್ಟು ಹತ್ತುವ ದಮ್ಮು ನನಗಿನ್ನೂ ಬಂದಿಲ್ಲ. ಆದ್ದರಿಂದ ಕಾಗದ.

ನಿಮ್ಮ
ರಜನಿ ದರ್ಶನ್

•

ಚಿಕ್ಕಮಗಳೂರು
ಫೆಬ್ರವರಿ 23

ಪ್ರೀತಿಯ ರಜನಿ ಅಕ್ಕನಿಗೆ,

ನನಗೆ ಕಾಗದ ಬರೆದವರು ಈವರೆಗೆ ಯಾರೂ ಇರಲಿಲ್ಲ. ಆಲ್ದೂರಿನಲ್ಲಿ ಅಪ್ಪ ಮಲ್ಲಿಕಾರ್ಜುನಪ್ಪನವರದು ದಿನಸಿ ಅಂಗಡಿ. ನಿಮ್ಮ ಮೆಣಸನ್ನು ಮೂಸಿ ನೋಡಿ, ‘ಇದ್ರ ಮುಂದೆ ನಮ್ ಅಂಗಡಿದು ಎಂತದೂ ಅಲ್ಲ’ ಎಂದರು. ದಯವಿಟ್ಟು ನನ್ನನ್ನು ‘ನೀನು’ ಎನ್ನಿ. ನಿಮಗಿಂತ ಎಂಟು ವರ್ಷ ಚಿಕ್ಕವಳು ನಾನು.

ನಿಮ್ಮಿಂದಾಗಿ ವಾರ್ಡಿನ ಪರೀಕ್ಷೆಯಲ್ಲಿ ಪಾಸಾದೆ ಅಕ್ಕಾ. ಮೊದಲು ನೋಡಬೇಕು, ಆಮೇಲೆ ಮುಟ್ಟಬೇಕು, ಕೊನೆಗೆ ಕೇಳಬೇಕು, ಇದು ನಮ್ಮ ಸಾರ್ ಹಾಕಿಕೊಟ್ಟ ಕ್ರಮ. ಎಷ್ಟೋ ಎದೆಗಳಿಗೆ ಸ್ಟೆತೊಸ್ಕೋಪ್ ಇಟ್ಟರೂ ನನಗೆ ಬರೀ ಲಬ್ ಡಬ್ ಕೇಳುತ್ತಿತ್ತು. ಪುಸ್ತಕದಲ್ಲಿ ಬರೆದಿರುವ ಆ ಗುಡುಗುಡು ಸದ್ದು ನನಗೆ ಮೊದಲ ಸಲ ಕೇಳಿಸಿದ್ದು ನಿಮ್ಮ ಎದೆಯಲ್ಲಿ. ಆ ದಿನ ಹಾಸ್ಟೆಲಿನಲ್ಲಿ ಕುಣಿದಾಡಿದೆ. ಆಮೇಲೆ ನಾಚಿಕೆಯಾಯಿತು.

ನಾವು ಹೇಳಿದ ಒಂದು ಮಾತು ಎಂದು ಬರೆದಿದ್ದೀರಿ. ಯಾವುದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಬೆಂಗಳೂರಿಗೆ ಹೋಗಿ ಬಂದಿರಾ? ಬಿಡುಗಡೆ ಮಾಡುವಾಗ ಚೀಟಿ ಬರೆದುಕೊಟ್ಟಿದ್ದರಲ್ಲ. ಬಲೂನ್ ಚಿಕಿತ್ಸೆಗೆ ಹೆದರಬೇಡಿ. ತೊಡೆಯ ಸಂದಿನ ರಕ್ತನಾಳದಿಂದ ತೂರಿಸುತ್ತಾರೆ, ಎದೆ ಕೊಯ್ಯುವುದಿಲ್ಲ. ಆದಷ್ಟು ಬೇಗ ಬರೆಯಿರಿ.

ನಿಮ್ಮ ತಂಗಿ
ರಶ್ಮಿ

•

ಸಂಸೆ
ಮೇ 16

ಪ್ರೀತಿಯ ರಶ್ಮಿ,

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಗಟ್ಟಿಯಾದ ಮೇಲೆ ಹೇಳೋಣ ಎಂದು ಕಾದಿದ್ದೆ. ಈಗ ಮೂರು ತುಂಬಿ ನಾಲ್ಕಕ್ಕೆ ಬಿದ್ದಿದೆ. ಹೌದೇ, ನಾನು ಬಸುರಿ. ಹಿಂದೆ ಎರಡು ಸಲ ಆಗಿ ಎರಡೂ ನಿಲ್ಲಲಿಲ್ಲ. ಈ ಸಲ ನಿಂತಿದೆ. ಅತ್ತೆ ನನ್ನನ್ನು ಒಲೆಯ ಹತ್ತಿರವೂ ಬಿಡುವುದಿಲ್ಲ. ದರ್ಶನ್ ಎಸ್ಟೇಟಿನಿಂದ ಬಂದವರು ಬೂಟು ಬಿಚ್ಚುವ ಮೊದಲು ನನ್ನ ಮುಖ ನೋಡುತ್ತಾರೆ. ಮದುವೆಯಾದ ಹೊಸದರಲ್ಲೂ ಈ ವೈಭವ ಇರಲಿಲ್ಲ!

ಏದುಸಿರು ಮಾತ್ರ ಇದೆ. ಏಪ್ರಿಲಿನಲ್ಲಿ ತೋಟ ಬೆಳ್ಳಗೆ ಹೂ ಬಿಟ್ಟಿತ್ತು, ‘ಕಾಫಿ ಹೂವಿನ ಘಾಟಿಗೆ ಹಂಗಾಗ್ತದೆ, ನನ್ಗೂ ಆಗ್ತಿತ್ತು’ ಎಂದು ಅತ್ತೆ ಸಮಾಧಾನ ಮಾಡಿದರು. ಹೂ ಉದುರಿ ಕಾಯಿ ಕಚ್ಚಿದೆ, ಏದುಸಿರು ಹೋಗಿಲ್ಲ. ಈಗ ಬಸುರಿನದ್ದು ಎನ್ನುತ್ತಾರೆ. ಕೆನ್ನೆ ಮಾತ್ರ ಕೆಂಪಗಾಗಿದೆ, ಬಂದವರೆಲ್ಲ ಕಳೆ ಬಂದಿದೆ ಎನ್ನುತ್ತಾರೆ.

ಬೆಂಗಳೂರಿಗೆ ಯಾಕೆ ಹೋಗಬೇಕಿತ್ತು ಹೇಳು? ಆ ಚೀಟಿ ಕೊಟ್ಟವರು ಒಬ್ಬರು ಚಿಕ್ಕ ಡಾಕ್ಟರು, ಅದೂ ಗಡಿಬಿಡಿಯಲ್ಲಿ, ‘ಒಂದ್ಸಲ ತೋರ್ಸಿ’ ಎಂದು. ನಿಮ್ಮ ದೊಡ್ಡ ಸಾರ್ ಬಾಯಿಂದಲೇ ನಾನು ಕೇಳಿದ್ದೇನಲ್ಲ. ಒಬ್ಬೊಬ್ಬರು ಕಿವಿಯಿಂದ ಸ್ಟೆತೊಸ್ಕೋಪ್ ತೆಗೆದ ಹಾಗೆಲ್ಲ ಅವರು ಕೇಳಿದರು, ‘ಹೇಗಿದೆ? ಚೆನ್ನಾಗಿದೆಯಾ?’ ನೀವೆಲ್ಲ ಸಾಲಾಗಿ ಹೇಳಿದಿರಿ, ‘ಚೆನ್ನಾಗಿದೆ ಸಾರ್.’ ನೀನಂತೂ ನಗುನಗುತ್ತಾ ಹೇಳಿದೆ, ‘ತುಂಬಾ ಚೆನ್ನಾಗಿದೆ ಸಾರ್.’ ಅಷ್ಟು ಜನ ಓದಿದವರು ಎದೆಗೆ ಕಿವಿ ಕೊಟ್ಟು ಚೆನ್ನಾಗಿದೆ ಎಂದ ಮೇಲೆ ಆ ಒಂದು ಚೀಟಿಯನ್ನು ಯಾರು ಕೇಳುತ್ತಾರೆ? ಊರಿಗೆ ಬಂದವಳು ಅದನ್ನೇ ಹೇಳಿದೆ. ಎರಡು ಹೋದ ಮೇಲೆ ಇನ್ನು ಬೇಡವೆಂದಿದ್ದ ದರ್ಶನ್ ಮತ್ತೆ ಧೈರ್ಯ ಮಾಡಿದರು. ಮಗು ಬಂತು.

ಮಗುವಿಗೆ ನಿನ್ನನ್ನು ಚಿಕ್ಕಮ್ಮ ಎಂದೇ ತೋರಿಸಿಕೊಡುತ್ತೇನೆ.

ನಿನ್ನ ಅಕ್ಕ
ರಜನಿ

•

ಚಿಕ್ಕಮಗಳೂರು
ಮೇ 25

ರಜನಿ ಅಕ್ಕಾ,

ಈ ಕಾಗದವನ್ನು ಕೂತು ಓದಿ. ನಾಲ್ಕು ಸಲ ಬರೆದು ಹರಿದೆ. ಹೇಗೆ ಬರೆದರೂ ಇದು ಕೆಟ್ಟ ಕಾಗದವೇ.

ನಾವು ಚೆನ್ನಾಗಿದೆ ಎಂದಿದ್ದು ನಿಮ್ಮ ಹೃದಯವನ್ನಲ್ಲ. ನಿಮ್ಮ ಹೃದಯದಲ್ಲಿದ್ದ ರೋಗದ ಸದ್ದನ್ನು. ಅಷ್ಟು ಸ್ಪಷ್ಟವಾಗಿ ಆ ಸದ್ದು ಸಿಗುವುದು ಅಪರೂಪ, ಕಲಿಯುವವರಿಗೆ ಅಂಥ ಕೇಸು ಸಿಕ್ಕಿದರೆ ಹಬ್ಬ. ‘ಚೆನ್ನಾಗಿದೆಯಾ’ ಎಂದರೆ ‘ಸದ್ದು ಚೆನ್ನಾಗಿ ಕೇಳುತ್ತಿದೆಯಾ’ ಎಂದರ್ಥ. ವಾರ್ಡಿನಲ್ಲಿ ದಿನಾ ಹೀಗೇ ಮಾತಾಡುತ್ತೇವೆ. ರೋಗ ಎಷ್ಟು ಜೋರಾಗಿದ್ದರೆ ನಮಗೆ ಅಷ್ಟು ಚೆನ್ನ. ಮಲಗಿರುವವರಿಗೂ ಕಿವಿ ಇದೆ, ಅವರದ್ದೂ ಕನ್ನಡವೇ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಹೃದಯದ ಒಳಗೆ ಕವಾಟಗಳಿರುತ್ತವೆ. ಚಿಕ್ಕಂದಿನಲ್ಲಿ ಕೀಲು ನೋವಿನ ಜ್ವರ ಬಂದಿತ್ತು ಎಂದಿರಲ್ಲ, ಅದು ನಿಮ್ಮ ಒಂದು ಕವಾಟವನ್ನು ಅಂಟಿಸಿಬಿಟ್ಟಿದೆ. ರಕ್ತ ಸಣ್ಣ ಕಿಂಡಿಯಲ್ಲಿ ನುಗ್ಗುವಾಗ ಆ ಸದ್ದು ಬರುತ್ತದೆ. ಮುಂದೆ ಹೋಗಲಾರದ ರಕ್ತ ಶ್ವಾಸಕೋಶದಲ್ಲಿ ನಿಲ್ಲುವುದೇ ಏದುಸಿರು. ಹೂವಿನದೂ ಅಲ್ಲ, ಬಸುರಿನದೂ ಅಲ್ಲ. ಕೆನ್ನೆಯ ಕೆಂಪೂ ಅದರದ್ದೇ. ಬಸುರಿಯಲ್ಲಿ ರಕ್ತ ತಿಂಗಳು ತಿಂಗಳಿಗೆ ಹೆಚ್ಚುತ್ತದೆ, ಕಿಂಡಿ ಅಷ್ಟೇ ಇರುತ್ತದೆ. ಆರು, ಏಳು ತಿಂಗಳ ಹೊತ್ತಿಗೆ ತಡೆಯಲಾರದೆ ಹೋಗಬಹುದು.

ಕೂಡಲೇ ಇಲ್ಲಿಗೆ ಬನ್ನಿ. ಈ ಕಾಗದವನ್ನು ದರ್ಶನ್ ಅವರಿಗೆ ತೋರಿಸಿ. ನನ್ನನ್ನು ಬೈಯುವುದಿದ್ದರೆ ಬಂದು ಬೈಯಿರಿ.

ರಶ್ಮಿ

•

ಸಂಸೆ
ಜೂನ್ 8

ರಶ್ಮಿ,

ನಿನ್ನ ಕಾಗದ ಬಂದಾಗ ಹಿತ್ತಲಲ್ಲಿದ್ದೆ. ಓದಿ ಮುಗಿಸಿ ಬಚ್ಚಲೊಲೆಗೆ ಹಾಕಿದೆ. ಹಳೆಯದೂ ಅದರ ಜೊತೆಗೆ ಹೋಯಿತು.

ಎರಡು ದಿನ ನಿನ್ನ ಮೇಲೆ ಉರಿದುಕೊಂಡೆ. ನಾನು ಬೆತ್ತಲೆ ಎದೆ ಕೊಟ್ಟು ಮಲಗಿದ್ದೆ, ನೀವು ನನ್ನ ಸಾವಿನ ಸದ್ದು ಕೇಳಿ ಚೆನ್ನಾಗಿದೆ ಎಂದಿರಲ್ಲ. ಮನೆಯಲ್ಲಿ ಅಡುಗೆ ರುಚಿ ನೋಡಿದವರ ಹಾಗೆ. ಆಮೇಲೆ ಆ ಸಿಟ್ಟೂ ಬತ್ತಿ ಹೋಯಿತು. ನೀನಾದರೂ ನಿಜ ಬರೆದೆ.

ಈಗ ನನ್ನ ಮಾತು ಕೇಳು. ಇದನ್ನು ದರ್ಶನ್‌ಗೆ ಹೇಳಬೇಡ. ಅವರು ಕೆಟ್ಟವರೆಂದಲ್ಲ. ಕೆಟ್ಟವರಾಗಿದ್ದರೆ ಚಿಂತೆ ಇರಲಿಲ್ಲ, ಮಗು ಬೇಕು ಎಂದು ಸುಮ್ಮನಿರುತ್ತಿದ್ದರು. ಎರಡನೇ ಸಲ ಹೋದಾಗ ಅವರೇ ನನ್ನ ಬಟ್ಟೆ ಒಗೆದರು. ‘ಇನ್ ಬ್ಯಾಡ ಮಾರಾಯ್ತಿ, ನನ್ಗೆ ನೀನೊಬ್ಳಿದ್ರೆ ಸಾಕು’ ಎಂದು ಬಾವಿಕಟ್ಟೆಯಲ್ಲಿ ಕೂತು ಅತ್ತರು. ಗೊತ್ತಾದರೆ ಅವತ್ತೇ ಜೀಪು ಹತ್ತಿಸಿ ಮಗುವನ್ನು ತೆಗೆಸುತ್ತಾರೆ. ಅವರು ನನ್ನನ್ನೇ ಆರಿಸುತ್ತಾರೆ. ನನಗಿರುವ ಭಯ ಅದೇ.

ನಿನ್ನೆ ಮೊದಲ ಸಲ ಅಲುಗಾಡಿತು. ನೀನು ಇನ್ನೂ ಹುಡುಗಿ, ನಿನಗೆ ಹೇಗೆ ಹೇಳಲಿ ಅದನ್ನು.

ರಜನಿ

•

ಚಿಕ್ಕಮಗಳೂರು
ಜೂನ್ 17

ಅಕ್ಕಾ,

ಸಾರ್ ಹತ್ತಿರ ಎಲ್ಲ ಹೇಳಿದೆ. ಅವರು ನಿಮ್ಮ ಹಳೆಯ ಕೇಸ್ ಶೀಟು ತರಿಸಿ ಓದಿದರು. ಆಮೇಲೆ ಹೇಳಿದರು, ಕವಾಟದ ಕಿಂಡಿ ಅಗಲಿಸುವ ಆ ಬಲೂನನ್ನು ಬಸುರಿಯಲ್ಲೂ ಹಾಕಬಹುದಂತೆ. ಮಗುವನ್ನು ತೆಗೆಯಬೇಕೆಂದೇ ಇಲ್ಲ. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಮಾಡುತ್ತಾರೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಒಳ್ಳೆಯದಾಗುತ್ತದೆ, ಆದರೆ ತಡ ಮಾಡಬಾರದು ಎಂದರು. ನೀವು ಇಲ್ಲಿಯವರೆಗೆ ಬಂದರೆ ಮುಂದಿನದನ್ನು ಅವರೇ ಫೋನ್ ಮಾಡಿ ಗೊತ್ತು ಮಾಡುತ್ತಾರೆ. ಸ್ಕ್ಯಾನಿಂಗ್‌ಗೆ ಎಂದು ಹೇಳಿ ಹೊರಡಿ, ಮನೆಯವರಿಗೆ ಆಮೇಲೆ ಸಮಾಧಾನವಾಗಿ ಹೇಳೋಣ.

ಮುಂದಿನ ತಿಂಗಳು ರಜೆ ಸಿಕ್ಕ ದಿನ ನಾನೇ ಬರುತ್ತೇನೆ. ಆಗಲೂ ನೀವು ಹೊರಡದಿದ್ದರೆ ದರ್ಶನ್ ಅವರಿಗೆ ನಾನೇ ಹೇಳುತ್ತೇನೆ. ನೀವು ನನ್ನ ಜೊತೆ ಈ ಜನ್ಮದಲ್ಲಿ ಮಾತಾಡದಿದ್ದರೂ ಸರಿ.

ರಶ್ಮಿ

•

ಸಂಸೆ
ಜುಲೈ 15

ಪ್ರೀತಿಯ ರಶ್ಮಿ,

ನೀನು ಬಂದು ಹೋದ ಮೇಲೆ ಮನೆಯಲ್ಲಿ ನಿನ್ನದೇ ಮಾತು. ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು ಬಂದವಳು ಒಂದು ಕಡುಬಿನ ಮೇಲೆ ಇನ್ನೊಂದು ತಿನ್ನಲಿಲ್ಲ ಎಂದು ಅತ್ತೆಗೆ ಬೇಜಾರು.

ಕೋಣೆಯಲ್ಲಿ ನೀನು ನನ್ನನ್ನು ಎಡಕ್ಕೆ ಹೊರಳಿಸಿ ಕೇಳಿದೆಯಲ್ಲ, ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ವಾರ್ಡಿನಲ್ಲಿ ನಗುತ್ತಿದ್ದ ಮುಖ ಅದಾಗಿರಲಿಲ್ಲ. ನಾಡಿ ಹಿಡಿದವಳು ಮತ್ತೆ ಮತ್ತೆ ಹಿಡಿದು ನೋಡಿದೆ. ‘ತಾಳ ತಪ್ತಾ ಇದೆ ಅಕ್ಕ’ ಎಂದೆ. ನನಗೂ ಗೊತ್ತಿತ್ತು. ಒಂದೊಂದು ಸಲ ಎದೆ ಮೆಟ್ಟಿಲು ತಪ್ಪಿದ ಹಾಗೆ ಧಸಕ್ಕೆನ್ನುತ್ತದೆ.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, ‘ಎಂತ ಹೇಳ್ತದೆ ಮಾರಾಯ್ತಿ ನಮ್ ಹುಡ್ಗಿ ಎದೆ?’ ಎಂದರು. ಅವರ ಕೈಯಲ್ಲಿ ಹಳೆಯ ಮೆತ್ತನೆಯ ಸೀರೆ, ಮಗುವಿಗೆ ಬಟ್ಟೆ ಮಾಡಲು ಹರಿದಿಟ್ಟಿದ್ದು. ನೀನು ಅದನ್ನು ನೋಡಿದೆ. ‘ದಿಂಬು ಜಾಸ್ತಿ ಇಟ್ಟು ಮಲಗ್ಸಿ ಅಮ್ಮಾ’ ಎಂದೆ, ಅಷ್ಟೇ ಎಂದೆ. ಆಮೇಲೆ ನಿನ್ನನ್ನು ಬಸ್ಸಿಗೆ ಬಿಡಲು ದರ್ಶನ್ ಜೊತೆಗೆ ಬಂದರು. ದಾರಿಯಲ್ಲಿ ಏನು ಮಾತಾಡಿದಿರೋ ನಾನು ಕೇಳಲಿಲ್ಲ. ವಾಪಸು ಬಂದವರು ನಗುತ್ತಲೇ ಇದ್ದರು. ಅದರಿಂದ ತಿಳಿದುಕೊಂಡೆ. ಈ ಉಪಕಾರ ನಾನು ಮರೆಯುವುದಿಲ್ಲ.

ನಿನಗೆ ಮಾತು ಕೊಟ್ಟಿದ್ದೇನೆ, ಬರುತ್ತೇನೆ. ಆಷಾಢ ಕಳೆಯಲಿ. ಆಗಸ್ಟ್ ಮೊದಲ ಮಂಗಳವಾರ. ಆದರೆ ಒಂದು ಹೇಳಲಾ? ಹತ್ತರಲ್ಲಿ ಒಂಬತ್ತು ಎಂದು ನಿನ್ನ ಸಾರ್ ಹೇಳಿದ್ದು ಕೇಳಿದಾಗಿನಿಂದ ನಾನು ಆ ಹತ್ತನೆಯವಳನ್ನೇ ಕಾಣುತ್ತಿದ್ದೇನೆ. ಎರಡು ಸಲವೂ ಅವಳು ನಾನೇ ಆಗಿದ್ದೆ.

ನಿನ್ನ ಅಕ್ಕ
ರಜನಿ

•

ಚಿಕ್ಕಮಗಳೂರು
ಆಗಸ್ಟ್ 7

ಅಕ್ಕಾ,

ಮಂಗಳವಾರ ಹೊರರೋಗಿ ವಿಭಾಗದ ಬಾಗಿಲಲ್ಲಿ ಮಧ್ಯಾಹ್ನದವರೆಗೂ ನಿಂತಿದ್ದೆ. ಕಳಸದ ಕಡೆಯ ಒಂದೊಂದು ಬಸ್ಸು ಬಂದಾಗಲೂ ಸ್ಟ್ಯಾಂಡಿಗೆ ಓಡಿದೆ. ನೀವು ಬರಲಿಲ್ಲ. ಸಾರ್ ಎರಡು ಸಲ ಹೊರಗೆ ಬಂದು ನೋಡಿ ಹೋದರು.

ಎಲ್ಲೋ ರಸ್ತೆಗೆ ಗುಡ್ಡ ಜಾರಿದೆ ಎಂದರು ಯಾರೋ. ಅದಕ್ಕೇ ಬರಲಿಲ್ಲ ಎಂದುಕೊಳ್ಳಲೇ? ದರ್ಶನ್ ಅವರಿಗೆ ಮೂರು ಸಲ ಫೋನ್ ಮಾಡಿದೆ, ಸಿಗಲಿಲ್ಲ. ನಾಲ್ಕನೇ ಸಲ ರಿಂಗಾಯಿತು. ನಾನೇ ಕಟ್ ಮಾಡಿದೆ. ಯಾಕೆ ಕಟ್ ಮಾಡಿದೆ ಎಂದು ನನ್ನನ್ನು ಕೇಳಬೇಡಿ.

ಬನ್ನಿ ಅಕ್ಕಾ. ಕಾಲಿಗೆ ಬೀಳುತ್ತೇನೆ.

ರಶ್ಮಿ

•

ಸಂಸೆ
ಸೆಪ್ಟೆಂಬರ್ 5

ಡಾ. ರಶ್ಮಿ ಮೇಡಂ ಅವರಿಗೆ ದರ್ಶನ್ ಮಾಡುವ ನಮಸ್ಕಾರ.

ರಜನಿ ಹೋದಳು. ಆಗಸ್ಟ್ ಕೊನೆಯ ಶುಕ್ರವಾರ. ನಿಮಗೆ ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ.

ಸೀಮಂತಕ್ಕೆ ಎಂದು ನೆಂಟರು ಬಂದಿದ್ದರು. ಬೆಳಿಗ್ಗೆ ತಲೆ ಬಾಚಿಸಿಕೊಳ್ಳಲು ಕೂತವಳು ಮಲಗಲೂ ಆಗುವುದಿಲ್ಲ, ಕೂರಲೂ ಆಗುವುದಿಲ್ಲ ಎಂದಳು. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಎಸ್ಟೇಟಿನ ಜೀಪಿನಲ್ಲಿ ಹೊರಟೆವು. ಅಮ್ಮ ಹಿಂದೆ ಅವಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದರು. ಬಾಳೆಹೊನ್ನೂರು ಇನ್ನೂ ದೂರವಿರುವಾಗಲೇ ಅಮ್ಮ, ‘ದರ್ಶಾ, ಗಾಡಿ ನಿಲ್ಸು’ ಎಂದರು. ಮಗುವೂ ಉಳಿಯಲಿಲ್ಲ. ಹೆಣ್ಣುಮಗು.

ಬಾಳೆಹೊನ್ನೂರು ಆಸ್ಪತ್ರೆಯ ಡಾಕ್ಟರು ಆ ಹಳೆಯ ಚೀಟಿಯನ್ನು ನೋಡಿದರು. ‘ಇದ್ರಲ್ಲಿ ಎಲ್ಲ ಬರ್ದಿದೆಯಲ್ರೀ, ಕವಾಟ ಕೆಟ್ಟಿದೆ ಅಂತ. ಯಾರೂ ಹೇಳ್ಲಿಲ್ವಾ ನಿಮ್ಗೆ?’ ಎಂದರು. ಅದು ಇಂಗ್ಲಿಷಿನಲ್ಲಿತ್ತು ಮೇಡಂ. ನಾನು ಊರಿಗೆ ರೈಟರು. ಅದನ್ನು ಜೋಬಿನಲ್ಲಿಟ್ಟುಕೊಂಡು ತಿರುಗಿದೆ, ಯಾರ ಹತ್ತಿರವೂ ಓದಿಸಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದರಂತೆ ಎಂದು ಅವಳು ಅಷ್ಟು ಖುಷಿಯಲ್ಲಿದ್ದಳು.

ನೀವು ಜುಲೈನಲ್ಲಿ ಬಂದಿದ್ದಿರಿ. ಬಸ್ಸಿನ ಹತ್ತಿರ ನಾನು ‘ಎಲ್ಲ ಸರಿ ಇದೆಯಾ’ ಎಂದು ಕೇಳಿದೆ. ನೀವು ಛತ್ರಿ ಮಡಚುತ್ತಾ, ‘ಒಂದ್ಸಲ ಚಿಕ್ಕಮಗ್ಳೂರಿಗೆ ಕರ್ಕೊಂಡ್ ಬನ್ನಿ’ ಎಂದಿರಿ. ನಾನು ಮನೆಗೆ ಬಂದು ಎರಡು ಸಲ ಹೊರಡೋಣ ಎಂದೆ. ಸೀಮಂತ ಮುಗಿಯಲಿ ಎಂದಳು. ಒತ್ತಾಯ ಮಾಡಲಿಲ್ಲ.

ಈಗ ಒಂದೇ ಯೋಚನೆ ನನ್ನನ್ನು ತಿನ್ನುತ್ತಿದೆ. ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಪಕ್ಕದಲ್ಲಿ ಮಲಗಿ, ನನ್ನಿಂದ ಮುಚ್ಚಿಟ್ಟಳೇ? ಹಾಗಾದರೆ ಅವಳು ನನ್ನನ್ನು ನಂಬಲಿಲ್ಲ ಎಂದಾಯಿತು. ಸತ್ತಿದ್ದನ್ನು ಹೇಗೋ ಸಹಿಸಬಹುದು, ಇದನ್ನು ಸಹಿಸಲು ಆಗುತ್ತಿಲ್ಲ. ಕಪಾಟು, ಪೆಟ್ಟಿಗೆ ಎಲ್ಲ ಹುಡುಕಿದೆ. ನಿಮ್ಮ ಒಂದು ಕಾಗದವೂ ಸಿಗಲಿಲ್ಲ. ಸುತ್ತಿ ಬಳಸಿ ಬರೆಯಬೇಡಿ. ನಿಮಗೆ ಗೊತ್ತಿತ್ತೇ? ಅವಳಿಗೆ ಗೊತ್ತಿತ್ತೇ?

ಇಂತಿ
ದರ್ಶನ್

•

ಚಿಕ್ಕಮಗಳೂರು
ಸೆಪ್ಟೆಂಬರ್ 13

ದರ್ಶನ್ ಅವರಿಗೆ,

ನನಗೆ ಗೊತ್ತಿತ್ತು. ಮೇ ತಿಂಗಳಿನಿಂದಲೇ ಗೊತ್ತಿತ್ತು.

ಅವರಿಗೆ ಗೊತ್ತಿರಲಿಲ್ಲ. ಗಾಬರಿಯಾಗುತ್ತಾರೆ ಎಂದು ನಾನು ಹೇಳಲಿಲ್ಲ. ನನ್ನ ಕಾಗದಗಳಲ್ಲಿ ಹಾಸ್ಟೆಲ್ಲು, ಓದು, ಹರಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಜುಲೈನಲ್ಲಿ ಎದೆ ಕೇಳಿದಾಗಲೂ ಅವರು ‘ಹೇಗಿದೆ’ ಎಂದು ಕೇಳಿದರು, ನಾನು ಸುಮ್ಮನಿದ್ದೆ. ಅವರು ನಿಮ್ಮಿಂದ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಕಾಲೇಜಿಗೆ ದೂರು ಕೊಡುವುದಿದ್ದರೆ ಪ್ರಾಂಶುಪಾಲರಿಗೆ ಬರೆಯಬೇಕು. ಬೇರೆ ರಶ್ಮಿಯರೂ ಇಲ್ಲಿದ್ದಾರೆ, ಗೊಂದಲವಾಗಬಾರದೆಂದು ನನ್ನ ಹೆಸರನ್ನು ಪೂರ್ತಿ ಬರೆದಿದ್ದೇನೆ.

ರಶ್ಮಿ ಮಲ್ಲಿಕಾರ್ಜುನಪ್ಪ
ಎಂ.ಬಿ.ಬಿ.ಎಸ್. ಮೂರನೇ ವರ್ಷ